ಅಟ್ಟದ ಮಾಲು

ಅರಂತೋಡಿನಲ್ಲಿ ಕಂಬಳಿ ಮಾರುವ ಅಂಗಡಿ ಇರುವುದು ಒಂದೇ. ಅಲ್ಲಿ ಹೋಗಿ ಕಂಬಳಿ ಕೇಳಿದರೆ ಕೊಡುವುದಿಲ್ಲ.

ತಮಾಷೆಗೆ ಹೇಳುತ್ತಿಲ್ಲ. ಸುಳ್ಯದಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಲ್ಲುವಲ್ಲಿಂದ ಸ್ವಲ್ಪ ಮುಂದೆ ಎಡಬದಿಗೆ ಆ ಅಂಗಡಿ. ಎದುರು ರೈನ್‌ಕೋಟು, ಕೊಡೆ, ಗಂಬೂಟು, ನೀಲಿ ಟರ್ಪಾಲು ಎಲ್ಲ ನೇತಾಡುತ್ತಿರುತ್ತವೆ. ಒಳಗೆ ಹೋಗಿ ತಲೆಯೆತ್ತಿದರೆ ಮರದ ಅಟ್ಟ, ಹೋದ ವರ್ಷದವರೆಗೂ ಅಟ್ಟದ ಅಂಚಿನಿಂದ ಹೊರಗೆ ಇಣುಕುತ್ತಿದ್ದವು ಕರಿ ಕಂಬಳಿಯ ಮಡಿಕೆಗಳು. ಕೆಳಗೆ ಮೇಜಿನ ಹಿಂದೆ ಕುಕ್ಕಪ್ಪ. ವಯಸ್ಸು ಅರವತ್ತರ ಹತ್ತಿರ, ಮದುವೆಯಾಗಿಲ್ಲ, ಈಗಷ್ಟೇ ಯಾರೊಡನೆಯೋ ಜಗಳ ಮಾಡಿ ಮುಗಿಸಿದವನ ಮುಖ. ‘ಬನ್ನಿ, ಕೂತುಕೊಳ್ಳಿ’ ಎನ್ನುವ ಪದ್ಧತಿ ಅವನಿಗಿಲ್ಲ. ಅವನ ಅಪ್ಪನಿಗೂ ಇರಲಿಲ್ಲ. ಬೇಕಾದವನು ಬರುತ್ತಾನೆ, ಕರೆಯುವುದು ಬೇಡುವವರ ಕೆಲಸ ಎಂದು ಆ ಮನೆಯವರ ಲೆಕ್ಕ. ಗಿರಾಕಿ ಮೆಟ್ಟಿಲು ಹತ್ತಿದರೆ “ಎಂತ ಬೇಕು?” ಅಷ್ಟೆ.

“ಆ ಕಂಬಳಿ ಉಂಟಲ್ಲ, ಅದೊಂದು ಕೊಡಿ” ಎಂದು ಕಳೆದ ಮಳೆಗಾಲದಲ್ಲಿ ಒಬ್ಬ ಕೇಳಿದ. ರಬ್ಬರ್ ಟ್ಯಾಪಿಂಗ್ ಮಾಡುವವನು, ಪಾಪ, ಒದ್ದೆಯಾಗಿ ನಡುಗುತ್ತಿದ್ದ.

“ಅದು ನಿಮಗೆ ಆಗುದಿಲ್ಲ.”

“ಯಾಕೆ ಆಗುದಿಲ್ಲ?”

“ಚುಚ್ಚುತ್ತದೆ.”

“ಕಂಬಳಿ ಮತ್ತೆ ಚುಚ್ಚದೆ ಮುದ್ದು ಮಾಡ್ತದಾ ಮಾರಾಯ್ರೆ?”

“ನಾತ ಬರ್ತದೆ. ಹುಳ ಹಿಡಿದಿದೆ. ರೈನ್‌ಕೋಟು ತಕೊಳ್ಳಿ, ಚಂದ ಉಂಟು.”

ಅವನು ಗೊಣಗುತ್ತ ಹೋದ. ರಸ್ತೆಯ ಆಚೆ ಬದಿಯಲ್ಲಿ ಅಲಿ ಕುಂಞಿಯ ಚಾದ ಹೋಟೆಲು. ಅಲಿ ಕುಂಞಿಗೆ ಇದೆಲ್ಲ ಪುಕ್ಕಟೆ ಯಕ್ಷಗಾನ. “ಕಂಬಳಿಯಲ್ಲಿ ಕೂತು ಉಂಡು, ಅನ್ನದಲ್ಲಿ ಕೂದಲು ಸಿಕ್ಕಿತು ಅಂತ ಬೊಬ್ಬೆ ಹೊಡೆಯುವವರನ್ನು ನಾನು ನೋಡಿದ್ದೇನೆ. ಕಂಬಳಿ ಮಾರುವವನೇ ಬೊಬ್ಬೆ ಹೊಡೆಯುದನ್ನು ನೋಡಿದ್ದು ಇಲ್ಲಿ ಮಾತ್ರ” ಎಂದು ತನ್ನ ಗಿರಾಕಿಗಳಿಗೆ ಹೇಳಿ ನಗಿಸಿದ. ಕುಕ್ಕಪ್ಪನ ತಲೆ ಸರಿಯಿಲ್ಲ ಎಂದು ಊರಿನಲ್ಲಿ ತೀರ್ಮಾನವಾಗಿ ಮೂರು ನಾಲ್ಕು ವರ್ಷವಾಯಿತು.

ತಲೆ ಸರಿಯೇ ಇತ್ತು. ಸರಿ ಇಲ್ಲದ್ದು ಬೇರೆ ಏನೋ.

ಕುಕ್ಕಪ್ಪನ ಅಪ್ಪನ ಕಾಲದಲ್ಲಿ ಮಳೆಗಾಲಕ್ಕೆ ಮೊದಲು ಆ ಅಟ್ಟ ಕಣ್ಣಿಗೆ ಕಾಣುತ್ತಿರಲಿಲ್ಲವಂತೆ, ಸೂರಿನವರೆಗೂ ಕಂಬಳಿಯೇ. ಮಳೆ ಹೊಯ್ಯುವ ಆಟಿ ತಿಂಗಳು ಬರುವಾಗ ಗುಡಿಸಿ ಇಟ್ಟ ಹಾಗೆ ಖಾಲಿ. ಆಗ ಈ ಕಡೆ ಇಡೀ ಗದ್ದೆ. ಗದ್ದೆಗೆ ಇಳಿಯುವ ಗಂಡಸಿಗೆ ಮಳೆಯಲ್ಲಿ ಕಂಬಳಿಯ ಕೊಪ್ಪೆ ಬೇಕೇ ಬೇಕು. ತಲೆಯ ಮೇಲೆ ಮಡಚಿ ಇಳಿಬಿಟ್ಟರೆ ಬೆನ್ನು ಬೆಚ್ಚಗೆ, ಕೈ ಎರಡೂ ಕೆಲಸಕ್ಕೆ. ಆಮೇಲೆ ಗದ್ದೆಗೆ ಅಡಿಕೆ ಬಿತ್ತು, ಗುಡ್ಡಕ್ಕೆ ರಬ್ಬರ್ ಬಿತ್ತು, ಪೇಟೆಗೆ ಪ್ಲಾಸ್ಟಿಕ್ ಬಂತು. ಅಟ್ಟಕ್ಕೆ ಬರುವ ಮಾಲು ವರ್ಷಕ್ಕೊಂದು ಗೇಣು ಇಳಿಯುತ್ತ ಬಂತು. ಮೊದಲು ಘಟ್ಟದ ಮೇಲಿನಿಂದ ಕಂಬಳಿ ತರುತ್ತಿದ್ದ ನೇಕಾರರು ಹಲವರು. ಒಬ್ಬೊಬ್ಬರೇ ದಾರಿ ಮರೆತರು. ಕೊನೆಗೆ ಉಳಿದವನು ಮೈಲಾರಪ್ಪ ಒಬ್ಬ. ಚಳ್ಳಕೆರೆಯ ಕಡೆಯವನು. ತನ್ನದೇ ಕುರಿ, ತನ್ನದೇ ಮಗ್ಗ, ನೂಲುವುದು ಹೆಂಡತಿ.

ಅಟ್ಟದ ಮಾಲಿಗೆ ಒಂದು ಕಟ್ಟುಪಾಡು ಇತ್ತು. ಮಾರಿ ಹೋಗುವವರೆಗೆ ಅದು ನೇಕಾರನದೇ. ಅಂಗಡಿಯವನು ಜಾಗ ಕೊಟ್ಟು ಕಾಯಬೇಕು, ಅಷ್ಟೆ. ಉಳಿದ ಮಾಲನ್ನು ಹಾಗೇ ಬಿಟ್ಟರೆ ನಮ್ಮ ಮಳೆಗೆ ಬೂಸಲು ಬರುತ್ತದೆ, ಜಿರಳೆ ತಿನ್ನುತ್ತದೆ. ಆದ್ದರಿಂದ ಬಿಸು ಹಬ್ಬ ಕಳೆದ ಮೇಲೆ, ಬಿಸಿಲು ಉರಿಯುವಾಗ, ನೇಕಾರ ಬಂದು ಹಳತನ್ನೆಲ್ಲ ಕೆಳಗಿಳಿಸಿ ಕೊಡವಬೇಕು. ಹುಣಸೆಬೀಜದ ಹಿಟ್ಟು ಕಾಯಿಸಿದ ಗಂಜಿಯನ್ನು ಮತ್ತೊಮ್ಮೆ ಬಳಿದು ಬಿಸಿಲಿಗೆ ಬಡಿಯಬೇಕು, ಅದಿದ್ದರೇ ಕಂಬಳಿಯ ಮೇಲೆ ನೀರು ನಿಲ್ಲದೆ ಜಾರುವುದು. ಒಣಗಿದ ಮೇಲೆ ಹುಳ ಹಿಡಿಯದಂತೆ ಲಕ್ಕಿಸೊಪ್ಪು ಹಾಕಿ ಮಡಚಿ ಮತ್ತೆ ಅಟ್ಟಕ್ಕೆ. ನೇಯ್ದವನ ಕೈಯೇ ಆಗಬೇಕು ಎಂದು ಮೈಲಾರಪ್ಪನ ಹಟ.

ಹಾಗಾಗಿ ಪ್ರತಿ ವರ್ಷ ಅವನು ಬರುತ್ತಿದ್ದ, ಹೆಗಲಿಗೆ ಹೊಸ ಕಂಬಳಿಯ ಕಟ್ಟು ಹೊತ್ತುಕೊಂಡು. ನಾಲ್ಕೈದು ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ. ಆ ನಾಲ್ಕೈದು ದಿನ ಕುಕ್ಕಪ್ಪನನ್ನು ನೋಡಿದರೆ ಬೇರೆಯೇ ಮನುಷ್ಯ. ಸುಳ್ಯದಿಂದ ರಾಗಿಹಿಟ್ಟು ತರಿಸಿ ಇಡುತ್ತಿದ್ದ. ಮೈಲಾರಪ್ಪ ಮುದ್ದೆ ಕಟ್ಟುತ್ತಿದ್ದ, ಕುಕ್ಕಪ್ಪ ಒಣಮೀನಿನ ಸಾರು ಮಾಡುತ್ತಿದ್ದ, “ಈ ಮೀನು ತಿಂದು ನಿಮ್ ನಾಲಿಗೆ ಇಷ್ಟು ಖಾರ ಆಗೈತೆ” ಎಂದು ಮೈಲಾರಪ್ಪ ಗೇಲಿ ಮಾಡಿದರೆ ಕುಕ್ಕಪ್ಪ ನಗುತ್ತಿದ್ದ. ಹೌದು, ನಗುತ್ತಿದ್ದ. ಅಲಿ ಕುಂಞಿ ಸಾಕ್ಷಿ.

ಕಂಬಳಿ ಮಡಚುವುದು ಒಬ್ಬನ ಕೆಲಸವಲ್ಲ. ಒಬ್ಬ ಆ ತುದಿ, ಒಬ್ಬ ಈ ತುದಿ ಹಿಡಿದು ದೂರ ನಿಂತು ಕೊಡವಬೇಕು. ಆಮೇಲೆ ಇಬ್ಬರೂ ಎದುರೆದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಮತ್ತೆ ಹಿಂದೆ, ಮತ್ತೆ ಮುಂದೆ. ಅಂಗಳದಲ್ಲಿ ಇವರಿಬ್ಬರೂ ಹಾಗೆ ನಡೆದು ಬಂದು, ನಡೆದು ಹೋಗಿ ಮಾತಾಡುತ್ತಿದ್ದರು. ಎಂತ ಮಾತು? ಮಳೆ, ಕುರಿ, ಅಡಿಕೆಗೆ ರೋಗ, ಕಡಬಕ್ಕೆ ಮದುವೆಯಾಗಿ ಹೋದ ಕುಕ್ಕಪ್ಪನ ತಂಗಿ ದುಗ್ಗಮ್ಮ ಫೋನು ಮಾಡುವುದಿಲ್ಲ ಎನ್ನುವ ದೂರು. ದೊಡ್ಡ ವಿಷಯ ಏನೂ ಇಲ್ಲ. ಆದರೆ ವರ್ಷದ ಉಳಿದ ದಿನಗಳಲ್ಲಿ ಕುಕ್ಕಪ್ಪನೊಡನೆ ಅಷ್ಟೂ ಆಡುವವರು ಇರಲಿಲ್ಲ. ಹೊರಡುವಾಗ ಮೈಲಾರಪ್ಪ ಮೆಟ್ಟಿಲ ಮೇಲೆ ನಿಂತು “ಬರ್ತೀನಿ ಗೌಡ್ರೆ” ಎನ್ನುತ್ತಿದ್ದ. ಕುಕ್ಕಪ್ಪ ತಲೆಯಾಡಿಸುತ್ತಿದ್ದ. ಆ ಒಂದು ಮಾತಿನ ಮೇಲೆ ಅವನ ಒಂದು ವರ್ಷ ನಡೆಯುತ್ತಿತ್ತು.

ಆಮೇಲೆ ಘಟ್ಟದಲ್ಲಿ ಗುಡ್ಡ ಜರಿದ ಮಳೆಗಾಲ ಬಂತು. ಮನೆ ಕಳೆದುಕೊಂಡವರು ಉಟ್ಟ ಬಟ್ಟೆಯಲ್ಲಿ ಇಳಿದು ಬಂದರು, ಶಾಲೆಗಳಲ್ಲಿ ಉಳಿದರು. ಅವರಿಗೆ ಹೊದೆಯಲು ಬೇಕೆಂದು ಸಂಘದವರು, ಭಜನಾ ಮಂಡಳಿಯವರು, ಮಸೀದಿಯವರು ಎಲ್ಲ ಕುಕ್ಕಪ್ಪನ ಅಂಗಡಿಗೆ ಬಂದರು. ಎರಡೇ ದಿನದಲ್ಲಿ ಅಟ್ಟ ಖಾಲಿ. ಕುಕ್ಕಪ್ಪ ತಾನೇ ಏಣಿ ಹತ್ತಿ ಕೊನೆಯ ಕಂಬಳಿಯನ್ನೂ ಕೆಳಗೆ ಎಸೆದ. ಒಳ್ಳೆಯ ಕೆಲಸವೇ. ಮೈಲಾರಪ್ಪನಿಗೆ ಫೋನು ಮಾಡಿ ಹೇಳುವಾಗ ಅವನ ಧ್ವನಿಯಲ್ಲಿ ಸಂಭ್ರಮ ಇತ್ತು.

ಮುಂದಿನ ಬಿಸು ಬಂತು. ಕುಕ್ಕಪ್ಪ ರಾಗಿಹಿಟ್ಟು ತಂದ. ಹಲಸಿನ ಹಣ್ಣು ತರಿಸಿ ಕೋಣೆಯ ಮೂಲೆಯಲ್ಲಿ ಇಟ್ಟ. ಲಕ್ಕಿಸೊಪ್ಪು ಕೂಡ ಕಡಿದು ಒಣಗಿಸಿದ. ಸಂಜೆಯ ಪ್ರತಿಯೊಂದು ಬಸ್ಸಿಗೂ ಹೊರಗೆ ಬಂದು, ಏನೋ ಕೆಲಸ ಇದ್ದವನ ಹಾಗೆ ಕೊಡೆಗಳನ್ನು ಅತ್ತಿತ್ತ ತೂಗುಹಾಕಿದ. ಬಂದದ್ದು ಲಾರಿ. ಅದರಿಂದ ಕಂಬಳಿಯ ಕಟ್ಟು ಪಾರ್ಸಲಾಗಿ ಇಳಿಯಿತು. ಕುಕ್ಕಪ್ಪ ಫೋನು ಮಾಡಿದ.

“ಹಳೇ ಮಾಲೆಲ್ಲ ಖರ್ಚಾತಲ್ಲ ಗೌಡ್ರೆ, ಕೊಡವೋಕೆ ಏನೂ ಇಲ್ಲ. ಸುಮ್ನೆ ಯಾಕ್ ಬರೋದು, ನಿಮಗೂ ತೊಂದ್ರೆ” ಎಂದ ಮೈಲಾರಪ್ಪ. ಖುಷಿಯಾಗಿದ್ದ. ವ್ಯಾಪಾರ ಚೆನ್ನಾಗಿ ಆದ ಮನುಷ್ಯ ಖುಷಿಯಾಗಿರದೆ ಏನು!

‘ತೊಂದರೆ ಎಂತದ್ದು, ಬನ್ನಿ’ ಎನ್ನುವ ಮಾತು ಕುಕ್ಕಪ್ಪನ ಗಂಟಲವರೆಗೆ ಬಂತು. ಅಲ್ಲಿಂದ ಮೇಲೆ ಬರಲಿಲ್ಲ. “ಆಯ್ತು” ಎಂದು ಫೋನು ಇಟ್ಟ. ಹಲಸಿನ ಹಣ್ಣು ಒಡೆದು ಒಬ್ಬನೇ ಕೂತು ತಿಂದ. ಎಷ್ಟು ತಿಂದರೂ ಮುಗಿಯದ ಹಣ್ಣು ಅದು, ಒಬ್ಬನಿಗೆ ಇರುವಂಥದ್ದಲ್ಲ. ಉಳಿದದ್ದನ್ನು ಹಿತ್ತಿಲಿಗೆ ಎಸೆದು ಬಂದು ಖಾಲಿ ಅಂಗಳದಲ್ಲಿ ನಿಂತಾಗ ಅವನಿಗೆ ಅಳು ಬಂತು. ಅಪ್ಪ ಸತ್ತಾಗಲೂ ಬಂದಿರಲಿಲ್ಲ. ತನಗೆ ಈ ಲೋಕದಲ್ಲಿ ಇದ್ದ ಒಬ್ಬನೇ ನೆಂಟ ತನಗಾಗಿ ಬರುತ್ತಿರಲಿಲ್ಲ, ಉಳಿದ ಮಾಲಿಗಾಗಿ ಬರುತ್ತಿದ್ದ ಎಂದು ಅವನು ಅವತ್ತು ತಿಳಿದುಕೊಂಡ. ಆ ತಿಳಿವಳಿಕೆ ಸರಿಯೋ ತಪ್ಪೋ ಎಂದು ಯೋಚಿಸಲಿಲ್ಲ. ಅದೇ ಅವನು ಮಾಡಿದ ತಪ್ಪು.

ಅಲ್ಲಿಂದ ಮೇಲೆ ಕುಕ್ಕಪ್ಪ ಕಂಬಳಿ ಮಾರಲಿಲ್ಲ. ಮಾಲು ಉಳಿದರೆ ಮನುಷ್ಯ ಬರುತ್ತಾನೆ, ಅಷ್ಟೇ ಅವನ ವ್ಯಾಪಾರ. ಕೊರೊನಾ ಬಂದು ಬಸ್ಸು ನಿಂತಾಗ ಒಂದೆರಡು ವರ್ಷ ಹಾಗೇ ಹೋಯಿತು. ಆಮೇಲೆ ಮೈಲಾರಪ್ಪ ಮತ್ತೆ ಬರತೊಡಗಿದ. ಅಟ್ಟದಲ್ಲಿ ಕಂಬಳಿ ಇದ್ದ ಹಾಗೇ ಇರುವುದನ್ನು ನೋಡಿದ. ಹೊಸ ಕಟ್ಟನ್ನು ಅದರ ಮೇಲೆ ಇಟ್ಟ. ಅಟ್ಟದ ಮಾಲು ಮತ್ತೆ ಗೇಣು ಗೇಣಾಗಿ ಏರತೊಡಗಿತು, ಅಪ್ಪನ ಕಾಲದ ಹಾಗೆ. ಅಪ್ಪನ ಕಾಲದಲ್ಲಿ ಅದು ಇಳಿಯುತ್ತಲೂ ಇತ್ತು ಎನ್ನುವುದು ಬೇರೆ ಮಾತು.

“ಯಾರೂ ಕೇಳೋರಿಲ್ವಾ ಗೌಡ್ರೆ?”

“ಯಾರು ಕೇಳ್ತಾರೆ? ಈಗ ಎಲ್ಲ ಪ್ಲಾಸ್ಟಿಕ್ ಅಲ್ವಾ ಮಾರಾಯ್ರೆ.”

ಮೈಲಾರಪ್ಪ ಕಂಬಳಿ ಕೊಡವುತ್ತಿದ್ದ. ಮೊದಲಿನ ಗೇಲಿ ಇಲ್ಲ. ಒಂದು ವರ್ಷ ಮಾತಿನ ನಡುವೆ, ಕುರಿ ಅರ್ಧ ಮಾರಿದೆ ಎಂದ. ಊಟಕ್ಕೆ ಕೂತಿದ್ದ ಕುಕ್ಕಪ್ಪ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ. ತಾನೇ ಕೊಂಡುಬಿಟ್ಟರೆ ಹೇಗೆ ಎಂದೂ ಯೋಚಿಸಿದ. ಕೊಂಡರೆ ಮಾಲು ಮುಗಿಯಿತಲ್ಲ! ಮುಂದಿನ ವರ್ಷ ನೋಡುವ ಎಂದುಕೊಂಡ. ನಾವೆಲ್ಲ ಹಾಗೇ, ನಮಗೆ ಬೇಕಾದ್ದು ಇರುವಾಗ ಇನ್ನೊಬ್ಬನ ಕಷ್ಟವನ್ನು ಮುಂದಿನ ವರ್ಷಕ್ಕೆ ಇಡುತ್ತೇವೆ.

ಕೇಳುವವರು ಇಲ್ಲ ಎನ್ನುವುದು ಹಸಿ ಸುಳ್ಳು. ಗುತ್ತಿಗಾರಿನ ಕೃಷ್ಣಮೋಹನ ಭಟ್ಟರು ಎಷ್ಟು ಸಲ ಬಂದು ಹೋದರೋ. ಅವರ ತೋಟ ಕಾಡಿನ ಅಂಚಿಗೆ. ಆನೆ ಇಳಿದರೆ ತೆಂಗು, ಬಾಳೆ, ಅಡಿಕೆ ಒಂದೂ ಬಿಡುವುದಿಲ್ಲ. ಆ ಸುತ್ತಿನ ಮನೆಯವರೆಲ್ಲ ಪಾಳಿ ಹಾಕಿಕೊಂಡು ಮರದ ಮೇಲೆ ಅಟ್ಟಣೆ ಕಟ್ಟಿ ಕಾವಲು ಕೂರುತ್ತಿದ್ದರು.

“ಪ್ಲಾಸ್ಟಿಕ್ ಹೊದ್ದು ಕೂತರೆ ಕೈ ಅಲ್ಲಾಡಿಸಿದರೂ ಪರಪರ ಹೇಳ್ತದೆ ಗೌಡ್ರೆ” ಎಂದು ಭಟ್ಟರು ವಿವರಿಸಿದ್ದರು. “ನಾವು ಎಲ್ಲಿದ್ದೇವೆ ಅಂತ ಆನೆಗೆ ನಾವೇ ವರ್ತಮಾನ ಕೊಟ್ಟ ಹಾಗೆ. ಕಂಬಳಿಗೆ ಸದ್ದಿಲ್ಲ. ಮಳೆಗೂ ಆಯಿತು, ಚಳಿಗೂ ಆಯಿತು. ಇರುವಷ್ಟೂ ಕೊಡಿ, ನಮ್ಮ ಕಡೆ ಎಲ್ಲ ಮನೆಗೂ ಬೇಕು.”

“ಅದು ಬೇರೆಯವರಿಗೆ ಹೇಳಿ ಆಗಿದೆ ಭಟ್ರೆ.”

“ಹೋದ ವರ್ಷವೂ ಹೀಗೇ ಹೇಳಿದ್ರಿ. ನೇಯುವವರ ನಂಬ್ರ ಆದರೂ ಕೊಡಿ, ನಾನೇ ತರಿಸಿಕೊಳ್ತೇನೆ.”

“ನಂಬ್ರ ಇಲ್ಲ.”

ನಂಬ್ರ ಅವನಿಗೆ ಬಾಯಿಪಾಠ ಇತ್ತು. ಅವನು ತಾನಾಗಿ ಫೋನು ಮಾಡುತ್ತಿದ್ದದ್ದೇ ಆ ಒಂದು ನಂಬ್ರಕ್ಕೆ.

ಈ ವರ್ಷ ಬಿಸು ಕಳೆದು ಮೈಲಾರಪ್ಪ ಬಂದಾಗ ಅವನ ಹೆಗಲ ಮೇಲೆ ಕಟ್ಟು ಇರಲಿಲ್ಲ. ಬರಿಗೈ. ಕುಕ್ಕಪ್ಪ ಹೊರಗೆ ಕೊಡೆ ತೂಗುಹಾಕುತ್ತಿದ್ದವನು ಅದನ್ನು ಮೊದಲು ನೋಡಿದ, ಆಮೇಲೆ ಮುಖ ನೋಡಿದ. ಮುಖ ಇಳಿದಿತ್ತು.

ಊಟಕ್ಕೆ ಕೂತಾಗ ಮೈಲಾರಪ್ಪ ಹೇಳಿದ. “ಮಾಲೆಲ್ಲ ವಾಪಸ್ ತಗೊಂಡೋಗಾನ ಅಂತ ಬಂದೆ ಗೌಡ್ರೆ. ಇನ್ನೆಷ್ಟು ದಿನ ನಿಮ್ ಅಟ್ಟ ಕೆಡಿಸೋದು. ನಾಡಿದ್ದು ಲಾರಿ ಬತ್ತೈತೆ. ಹಾಸಿಗೆಗೆ ತುಂಬೋರು ತೂಕದ ಮ್ಯಾಲೆ ತಗಂತಾರಂತೆ.”

“ತೂಕಕ್ಕೆ?”

“ಇನ್ನೇನ್ ಮಾಡ್ಲಿ? ಕುರಿ ಉಳಿದಿದ್ವೂ ಮಾರಿಬಿಟ್ಟೆ. ಯಾರೂ ಕೊಳ್ಳದ ಮಾಲಿಗೆ ಯಾಕೆ ನೂಲಲಿ ಅಂತ ನನ್ನೆಂಡ್ತಿ ರಾಟೆ ಎತ್ತಿಟ್ಟು ಒಂದ್ ವರ್ಷ ಆತು. ಮಗ್ಗದ ಗುಂಡಿಗೆ ಹೋದ ತಿಂಗ್ಳು ನಾನೇ ಮಣ್ಣೆಳೆದೆ.”

ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು. ಮೈಲಾರಪ್ಪನ ಅಪ್ಪ, ಅಜ್ಜ ಎಲ್ಲ ಕೂತ ಜಾಗ. ಮಣ್ಣೆಳೆದೆ ಎನ್ನುವಾಗ ಅವನು ತಟ್ಟೆಯನ್ನು ನೋಡುತ್ತಿದ್ದ.

“ಮತ್ತೆ ಎಂತ ಮಾಡುದು ಮುಂದೆ?”

“ನಮ್ ಗುಡ್ಡದ ಮ್ಯಾಲೆ ಕರೆಂಟ್ ಮಾಡೋ ಗಾಳಿ ಫ್ಯಾನು ಹಾಕ್ಯಾರಲ್ಲ, ಅಲ್ಲಿ ಕಾವಲು ಕೆಲ್ಸ ಕೊಡ್ತೀವಿ ಅಂದಾರೆ. ಈ ಕಡೀಕೆ ಇದೇ ಕಡೇದು ಗೌಡ್ರೆ.”

ಕುಕ್ಕಪ್ಪ ಈಗ ಹೇಳಬೇಕಿತ್ತು. ‘ಕೇಳುವವರು ಇದ್ದಾರೆ, ನಾನೇ ಕೊಡಲಿಲ್ಲ’ ಎಂದು ಅಷ್ಟೇ. ಹೇಳಿದರೆ ಲಾರಿ ನಿಲ್ಲುತ್ತದೆ, ಆದರೆ ಎದುರು ಕೂತ ಮನುಷ್ಯ ಎದ್ದು ಹೋಗುತ್ತಾನೆ. ಹೇಳದಿದ್ದರೆ ಇನ್ನೆರಡು ದಿನವಾದರೂ ಇರುತ್ತಾನೆ. “ಸಾರು ಹಾಕಿಕೊಳ್ಳಿ” ಎಂದ.

ಮರುದಿನ ಬೆಳಿಗ್ಗೆ ಅಟ್ಟದ ಮಾಲೆಲ್ಲ ಅಂಗಳಕ್ಕೆ ಇಳಿಯಿತು. ತೂಕಕ್ಕೆ ಹೋಗುವ ಮಾಲಾದರೂ ಕೊಡವದೆ ಕಳಿಸಲು ಮೈಲಾರಪ್ಪನಿಗೆ ಮನಸ್ಸಿಲ್ಲ. ಅಂಗಳ ಸಾಲದೆ ರಸ್ತೆಯ ಬದಿಯ ಬೇಲಿ, ಮೋಟುಗೋಡೆ, ಅಲಿ ಕುಂಞಿಯ ಹೋಟೆಲಿನ ಬೆಂಚು, ಎಲ್ಲ ಕಡೆ ಕರಿ ಕಂಬಳಿ ಹರಡಿತು. “ಇಷ್ಟು ಇತ್ತಾ ಮಾರಾಯ ನಿನ್ನ ಹೊಟ್ಟೆಯೊಳಗೆ!” ಎಂದ ಅಲಿ ಕುಂಞಿ.

ಬಿಸಿಲು ಏರುವ ಹೊತ್ತಿಗೆ ಸುಳ್ಯದ ಕಡೆಯಿಂದ ಒಂದು ಜೀಪು ಬಂದು, ಸ್ವಲ್ಪ ಮುಂದೆ ಹೋಗಿ, ಹಿಂದೆ ಬಂದು ನಿಂತಿತು. ಇಳಿದವರು ಕೃಷ್ಣಮೋಹನ ಭಟ್ಟರು. ಬೇಲಿಯ ಮೇಲಿನ ಕಂಬಳಿಯನ್ನು ಮುಟ್ಟಿ ನೋಡಿದರು, ಆಮೇಲೆ ಸಿಟ್ಟಿನಿಂದ ನೇರ ಕುಕ್ಕಪ್ಪನ ಹತ್ತಿರ ನಡೆದರು.

“ಎಂತ ಗೌಡ್ರೆ ಇದು? ಮೂರು ವರ್ಷದಿಂದ ನಾನು ಕೇಳ್ತಾ ಇದ್ದೇನೆ. ಪ್ರತಿ ಸಲ ಇಲ್ಲ, ಆಗುದಿಲ್ಲ, ಬೇರೆಯವರಿಗೆ ಹೇಳಿದ್ದು. ಊರಿಡೀ ಹರಡುವಷ್ಟು ಇಟ್ಟುಕೊಂಡು! ಹೋದ ವರ್ಷ ನಮ್ಮ ಪಕ್ಕದ ಮನೆಯವರು ಜ್ವರ ಹಿಡಿಸಿಕೊಂಡರು ಅಟ್ಟಣೆಯಲ್ಲಿ ಕೂತು. ಮಾರಲಿಕ್ಕೆ ಮನಸ್ಸಿಲ್ಲದಿದ್ದರೆ ಅಂಗಡಿ ಯಾಕೆ ಬಾಗಿಲು ತೆಗೆಯುದು?”

ಗಂಜಿಯ ಪಾತ್ರೆ ಹಿಡಿದುಕೊಂಡಿದ್ದ ಮೈಲಾರಪ್ಪ ಎದ್ದು ನಿಂತ. “ಏನಂದ್ರಿ ಸ್ವಾಮಿ? ನೀವು ಕೇಳಿದ್ರಾ, ಇವನ್ನ?”

“ನಾನೊಬ್ಬನೇ ಅಲ್ಲ, ಎಷ್ಟೋ ಜನ. ನೀವು ಯಾರು?”

“ನೇಯ್ದೋನು.”

ಅಲಿ ಕುಂಞಿಯೂ ರಸ್ತೆ ದಾಟಿ ಬಂದು ನಿಂತಿದ್ದ. ಯಾವಾಗಲೂ ನಗಿಸುವವನು ಈಗ ನಗಲಿಲ್ಲ, ತಲೆ ತಗ್ಗಿಸಿದ. ಅದರಿಂದಲೇ ಮೈಲಾರಪ್ಪನಿಗೆ ಎಲ್ಲ ಗೊತ್ತಾಯಿತು. ಅವನು ಪಾತ್ರೆಯನ್ನು ನಿಧಾನ ಕೆಳಗಿಟ್ಟ.

“ಕುರಿ ಕಾಯಾಕೆ ತೋಳನ್ನ ಬಿಟ್ಟಂಗಾತು” ಎಂದ. ಜೋರಾಗಿ ಅಲ್ಲ.

ಭಟ್ಟರಿಗೆ ವಿಷಯ ತಿಳಿಯದಿದ್ದರೂ ವಿಷಯ ದೊಡ್ಡದು ಎಂದು ತಿಳಿಯಿತು. ಇರುವಷ್ಟನ್ನೂ ತಾನು ಒಯ್ಯುತ್ತೇನೆ, ಸರಿಯಾದ ಬೆಲೆಗೇ ಒಯ್ಯುತ್ತೇನೆ, ಇನ್ನೂ ನೇಯ್ದು ಕೊಟ್ಟರೆ ಅದನ್ನೂ ಒಯ್ಯುತ್ತೇನೆ ಎಂದು ಮೈಲಾರಪ್ಪನಿಗೆ ಹೇಳಿದರು. ಮೈಲಾರಪ್ಪ ಕೈಮುಗಿದ. “ಇರೋದು ಒಯ್ಯಿರಿ ಸ್ವಾಮಿ. ಇನ್ನು ನೇಯೋದಿಲ್ಲ. ಮುಚ್ಚಿದ ಗುಂಡಿ ಮತ್ತೆ ತೋಡಬಾರದು” ಎಂದ. ಹಾಸಿಗೆಯವರ ಲಾರಿಗೆ ಬರುವುದು ಬೇಡವೆಂದು ಅಲ್ಲಿಂದಲೇ ಫೋನು ಮಾಡಿದ.

ಜೀಪಿಗೆ ಹೇರಬೇಕಾದರೆ ಮಡಚಬೇಕಲ್ಲ. ಮಡಚುವುದು ಒಬ್ಬನ ಕೆಲಸವಲ್ಲ. ಮೈಲಾರಪ್ಪ ಒಂದು ಕಂಬಳಿಯ ತುದಿ ಹಿಡಿದು ನಿಂತ. ಯಾರನ್ನೂ ಕರೆಯಲಿಲ್ಲ. ಕುಕ್ಕಪ್ಪ ಹೋಗಿ ಇನ್ನೊಂದು ತುದಿ ಹಿಡಿದ. ಕೊಡವಿದರು, ಎದುರೆದುರು ನಡೆದರು, ತುದಿಗೆ ತುದಿ ಸೇರಿಸಿದರು. ಬೆರಳಿಗೆ ಬೆರಳು ತಾಗಿದರೂ ಮೈಲಾರಪ್ಪ ತಲೆಯೆತ್ತಲಿಲ್ಲ. ಹಿಂದೆ ಹೋದರು, ಮುಂದೆ ಬಂದರು. ಒಂದಾದ ಮೇಲೆ ಒಂದು. ಬಿಸಿಲಿಗೆ ಕಂಬಳಿಯ ಧೂಳು ಎದ್ದು ಇಬ್ಬರ ಮುಖವೂ ಬೂದಿ ಹಿಡಿದ ಹಾಗಾಯಿತು.

ಅರ್ಧ ಮುಗಿದ ಮೇಲೆ, ಹತ್ತಿರ ಬಂದಾಗ, ಮೈಲಾರಪ್ಪ ಕೇಳಿದ. “ಯಾಕ್ರೀ?”

“ಮಾಲು ಮುಗಿದ್ರೆ ನೀವು ಬರುದಿಲ್ಲ.”

ಮೈಲಾರಪ್ಪ ಹಿಂದೆ ಹೋಗಲಿಲ್ಲ. ಮಡಿಕೆ ಹಿಡಿದುಕೊಂಡು ಅಲ್ಲೇ ನಿಂತ. “ಅದಕ್ಕಾ?” ಎಂದ. “ಅಷ್ಟಕ್ಕಾ? ಅವತ್ತು ಫೋನಿನಾಗೆ, ತೊಂದ್ರೆ ಕೊಡಬಾರದು ಅಂತ ನಾನೇ ಮಾತು ಎತ್ತಿದೆ. ನೀವು ಬಾ ಅಂತೀರಿ ಅಂತ ಕಾದೆ. ಆಯ್ತು ಅಂತ ಇಟ್ರಿ. ಬ್ಯಾಡ ಅಂತ ತಿಳಕಂಡೆ. ಬಾ ಅಂತ ಒಂದ್ ಮಾತು ಅಂದಿದ್ರೆ ಬತ್ತಿದ್ದೆ ಗೌಡ್ರೆ. ಬರಿಗೈಲಿ ಬತ್ತಿದ್ದೆ.”

ಕುಕ್ಕಪ್ಪ ಅಳುತ್ತಿದ್ದ. ಧೂಳು ಎಂದು ಯಾರೂ ತಿಳಿದುಕೊಳ್ಳುವಂತಿರಲಿಲ್ಲ, ಬೀದಿಯ ನಡುವೆ, ಭಟ್ಟರ ಎದುರಿಗೆ, ಅಲಿ ಕುಂಞಿಯ ಎದುರಿಗೆ ಅಳುತ್ತಿದ್ದ. ಮೈಲಾರಪ್ಪ ಅವನನ್ನು ನೋಡಿದ. ಸಮಾಧಾನ ಮಾಡುತ್ತಾನೋ ಎನ್ನುವ ಹಾಗೆ ಒಂದು ಹೆಜ್ಜೆ ಇಟ್ಟ. ಆಮೇಲೆ ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ಮುಂದಿನ ಕಂಬಳಿ ಎತ್ತಿಕೊಂಡ.

ಜೀಪು ಎರಡು ಸಲ ಬಂದು ಎಲ್ಲ ಒಯ್ದಿತು. ಮೈಲಾರಪ್ಪ ಉಳಿಯಲಿಲ್ಲ. ಸಂಜೆಯ ಬಸ್ಸಿಗೇ ಚೀಲ ಹೆಗಲಿಗೆ ಹಾಕಿದ. ಕುಕ್ಕಪ್ಪ ಮೆಟ್ಟಿಲವರೆಗೆ ಹಿಂದಿನಿಂದ ಬಂದ.

“ಹೋಗ್ತೀನಿ ಗೌಡ್ರೆ” ಎಂದ ಮೈಲಾರಪ್ಪ.

ಮನೆಯಿಂದ ಹೊರಡುವವರು ಆ ಮಾತು ಆಡುವುದಿಲ್ಲ. ಮಕ್ಕಳು ಬಾಯಿತಪ್ಪಿ ಆಡಿದರೂ ಹಿರಿಯರು ಗದರಿಸಿ ತಿದ್ದುತ್ತಾರೆ. ಕುಕ್ಕಪ್ಪ ಒಂದು ಮೆಟ್ಟಿಲು ಇಳಿದ.

“ಹೋಗ್ತೇನೆ ಅಂತ ಹೇಳಬೇಡಿ ಮಾರಾಯ್ರೆ. ಬರ್ತೇನೆ ಅಂತ ಹೇಳಿ.”

“ಸುಳ್ಳು ಹೇಳೋಕೆ ನಂಗೆ ಬರಲ್ಲ” ಎಂದ ಮೈಲಾರಪ್ಪ. ಬಸ್ಸು ಬಂತು, ಹತ್ತಿದ.

ಈಗ ಮಳೆಗಾಲ. ಮೊನ್ನೆ ಜೋರು ಮಳೆಯಲ್ಲಿ ಒಬ್ಬ ಅಂಗಡಿಗೆ ಬಂದು ಕಂಬಳಿ ಕೇಳಿದ. “ಮುಗಿದಿದೆ” ಎಂದ ಕುಕ್ಕಪ್ಪ. ಅವನು ಈ ಅಂಗಡಿಯ ಕತೆ ಕೇಳಿದ್ದವನು, ಕಣ್ಣು ಮಿಟುಕಿಸಿ ನಕ್ಕ. “ಗೊತ್ತುಂಟು ಗೊತ್ತುಂಟು. ಅಟ್ಟದಲ್ಲಿ ಉಂಟು, ನೀವು ಕೊಡುದಿಲ್ಲ.” ಕುಕ್ಕಪ್ಪ ಸಿಟ್ಟಾಗಲಿಲ್ಲ. ಎದ್ದು ಹೋಗಿ ಏಣಿ ತಂದು ಅಟ್ಟಕ್ಕೆ ಇಟ್ಟ. “ಹತ್ತಿ ನೋಡಿ” ಎಂದ. ಅವನು ನಿಜವಾಗಿಯೂ ಹತ್ತಿದ. ಮೇಲೆ ಒಣಗಿದ ಲಕ್ಕಿಸೊಪ್ಪು ಬಿಟ್ಟರೆ ಏನೂ ಇಲ್ಲ. “ಹೌದು ಮಾರಾಯ್ರೆ, ಖಾಲಿ” ಎಂದು ಇಳಿದು ಬಂದು, ಮಳೆ ಸ್ವಲ್ಪ ಬಿಟ್ಟದ್ದೇ ಹೊರಟುಹೋದ.

ಹೋಟೆಲಿನ ಬಾಗಿಲಲ್ಲಿ ನಿಂತು ಅಲಿ ಕುಂಞಿ ಇದನ್ನೆಲ್ಲ ನೋಡುತ್ತಿದ್ದ. ಕುಕ್ಕಪ್ಪ ಏಣಿ ಹಿಡಿದುಕೊಂಡೇ ಹೋಟೆಲಿನ ಕಡೆ ತಿರುಗಿದ.

“ಬಾ” ಎಂದ. “ಸ್ವಲ್ಪ ಹೊತ್ತು ಕೂತು ಹೋಗು.”

ಯಾರಿಗೆ ಹೇಳಿದ್ದು ಎಂದು ಅಲಿ ಕುಂಞಿ ಹಿಂದೆ ತಿರುಗಿ ನೋಡಿದ.